ಹಡಗಿನ ಜೈನ್ ಊಟ ವೀಗನ್ ಅಲ್ಲ

ಕಲಬುರಗಿಯ ನಮ್ಮ ಪ್ರವಾಸದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಕ್ರೂಸ್ ಹಡಗಿನಲ್ಲಿ ವೀಗನ್ ಅಡುಗೆ ಸಿಗಲ್ಲ. ಜೈನ್ ಊಟ ಹೇಳಿ, ಎರಡೂ ಒಂದೇ. ಇಲ್ಲಾಂದ್ರೆ ರೊಟ್ಟಿ, ಪಲ್ಯ ಕಟ್ಕೊಂಡು ಹೋಗಿ.’ ಮೂರು ಮಾತೂ ತಪ್ಪು. ವೀಗನ್ ಅಂದರೆ ಮಾಂಸವಷ್ಟೇ ಅಲ್ಲ, ಹಾಲು, ಜೇನು, ಮೊಟ್ಟೆ ಸೇರಿ ಪ್ರಾಣಿಮೂಲದ ಯಾವುದನ್ನೂ ತಿನ್ನದ ಊಟ.

ಜೈನ್ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರುವುದಿಲ್ಲ, ನಿಜ. ಆದರೆ ಹಾಲಿನ ಪದಾರ್ಥಕ್ಕೆ ಅಲ್ಲಿ ಅಡ್ಡಿಯಿಲ್ಲ. ದಾಲ್‌ಗೆ ತುಪ್ಪದ ಒಗ್ಗರಣೆ, ನಾನ್ ಹಿಟ್ಟಿಗೆ ಮೊಸರು, ಮೇಲೊಂದಿಷ್ಟು ಬೆಣ್ಣೆ. ವೀಗನ್‌ನವರು ಬಿಡುವುದೇ ಇದನ್ನು, ಅಲ್ವಾ? ಅದಕ್ಕೇ ಸುಮ್ನೆ ‘ವೆಜ್’ ಅಂದರೆ ಸಾಲದು. ‘ಹಾಲು, ತುಪ್ಪ, ಬೆಣ್ಣೆ, ಮೊಸರು, ಜೇನು, ಮೊಟ್ಟೆ ಬೇಡ’ ಎಂದು ಬಿಡಿಸಿ ಹೇಳಬೇಕು.

ಇನ್ನು ಸಿಗಲ್ಲ ಅನ್ನೋ ಮಾತು. ಓಷಿಯಾನಿಯಾ ಕ್ರೂಸಸ್ ಕಂಪನಿ 2017ರಲ್ಲೇ 200ಕ್ಕೂ ಹೆಚ್ಚು ಸಸ್ಯಮೂಲ ತಿನಿಸುಗಳನ್ನು ಮೆನುಗೆ ಸೇರಿಸಿತ್ತು. ಎಲ್ಲ ಹಡಗಿನಲ್ಲೂ ಅಷ್ಟು ಇರುವುದಿಲ್ಲ. ಟಿಕೆಟ್ ಬುಕ್ ಮಾಡುವಾಗಲೇ ಬರೆದು ತಿಳಿಸಿ. ಹತ್ತಿದ ಮೊದಲ ರಾತ್ರಿ ಊಟದ ಹಾಲ್‌ನ ಮುಖ್ಯ ವೇಟರ್ ಹತ್ತಿರ ಮಾತಾಡಿ. ಎಷ್ಟೋ ಹಡಗುಗಳಲ್ಲಿ ಮರುದಿನದ ಮೆನು ಹಿಂದಿನ ರಾತ್ರಿಯೇ ತೋರಿಸಿ, ಬೇಕಾದಂತೆ ಮಾಡಿಕೊಡುತ್ತಾರೆ. ಬಫೆಯಲ್ಲಿ ಮಾತ್ರ ಜಾಸ್ತಿ ಎಚ್ಚರ: ತರಕಾರಿ ಸೂಪ್‌ನ ನೀರು ಕೋಳಿ ಬೇಯಿಸಿದ್ದೂ ಇರಬಹುದು.

ಬುತ್ತಿಯ ವಿಷಯ ಬೇಸರದ್ದೇ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮೊದಲಿನಿಂದಲೂ ವೀಗನ್ನೇ. ಆದರೆ ಮನೆಯ ಅಡುಗೆಯನ್ನು ಹೆಚ್ಚಿನ ಕಂಪನಿಗಳು ಹಡಗಿಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಹಿಂಡಿ ಪ್ಯಾಕೆಟ್ ಸಾಮಾನ್ಯವಾಗಿ ನಡೆಯುತ್ತದೆ. ಅವ್ವ ಕಟ್ಟಿಕೊಟ್ಟ ಡಬ್ಬಿ ಬಂದರಿನ ತಪಾಸಣೆಯಲ್ಲೇ ಉಳಿಯುತ್ತದೆ.