ಎಪ್ಪತ್ತು ಮೀಟರ್ ಹಗ್ಗದ ಗತಿ

ನಮ್ಮ ಕೊಟ್ಟಿಗೆಯಲ್ಲಿ ಕರುವನ್ನು ಕಟ್ಟಿರುವ ಹಗ್ಗ ಸದ್ಯಕ್ಕೆ ಇಡೀ ಸಾಗರ ಸೀಮೆಯಲ್ಲೇ ದುಬಾರಿಯದು. ನೀಲಿ ಬಣ್ಣ, ನಡುನಡುವೆ ಕಿತ್ತಳೆ ಗೆರೆ, ಪರದೇಶದ ಸರಕು. ಹತ್ತು ಜನ ಜೋತುಬಿದ್ದರೂ ಹರಿಯುವುದಿಲ್ಲ. ಕರುವಿಗೆ ಇದೆಲ್ಲ ತಿಳಿಯದು. ಭಾನುವಾರದಿಂದ ಅದನ್ನು ಜಗಿಯುತ್ತಿದೆ.

ಶಿವಮೊಗ್ಗದ ನಾವು ನಾಲ್ವರು, ಎಲ್ಲರೂ ನಲವತ್ತರ ಆಸುಪಾಸಿನವರು, ಬಂಡೆ ಹತ್ತಲು ಬಾದಾಮಿಗೆ ಹೊರಟಿದ್ದೇವೆ. ಹೊರಟಿದ್ದೇವೆ ಎಂದು ಹೇಳಲು ಶುರುಮಾಡಿ ಹದಿನಾಲ್ಕು ತಿಂಗಳಾಯಿತು. ಮಲೆನಾಡಿನಲ್ಲಿ ಬಂಡೆಗಳಿಲ್ಲವೇ ಎಂದು ಕೇಳಬೇಡಿ. ಇವೆ. ಅವುಗಳ ಮೇಲೆ ಅರ್ಧ ವರ್ಷ ಪಾಚಿ, ಅವುಗಳ ಬುಡದಲ್ಲಿ ರಕ್ತ ಹೀರುವ ಉಂಬಳ. ಬಾದಾಮಿಯದು ಕೆಂಪು ಮರಳುಗಲ್ಲು. ಚಾಲುಕ್ಯರು ಆರನೇ ಶತಮಾನದಲ್ಲಿ ಗುಹೆ ಕೊರೆದದ್ದು ಅದೇ ಕಲ್ಲಿನಲ್ಲಿ. ಈಗಿನವರು ಅದರ ಪಕ್ಕದ ಗೋಡೆಗಳಿಗೆ ಸಾಲಾಗಿ ಬೋಲ್ಟು ಹೊಡೆದಿಟ್ಟಿದ್ದಾರೆ. ಹತ್ತುವವನು ಒಂದೊಂದೇ ಬೋಲ್ಟಿಗೆ ಕೊಂಡಿ ಸಿಕ್ಕಿಸಿ, ಅದಕ್ಕೆ ಹಗ್ಗ ತೂರಿಸುತ್ತ ಮೇಲೆ ಹೋಗುತ್ತಾನೆ. ಕೆಳಗೊಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. ಇದಕ್ಕೆ ಸ್ಪೋರ್ಟ್ ಕ್ಲೈಂಬಿಂಗ್ ಎಂದು ಹೆಸರು. ಟೋಕಿಯೊ ಒಲಿಂಪಿಕ್ಸ್‌ನಿಂದ ಇದೂ ಒಂದು ಸ್ಪರ್ಧೆ ಎಂದು ಅಪ್ಪಯ್ಯನಿಗೆ ಹೆಮ್ಮೆಯಿಂದ ಹೇಳಿದೆ. "ಕುಸ್ತಿಯೂ ಇದೆಯಲ್ಲ ಮಾರಾಯ, ಅದಕ್ಕೆ ಯಾಕೆ ಹೋಗಲಿಲ್ಲ?" ಎಂದರು.

ನಮ್ಮ ತಂಡಕ್ಕೊಬ್ಬ ನಾಯಕನಿದ್ದಾನೆ. ಬೆಂಗಳೂರಿನಲ್ಲಿದ್ದಾಗ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯನ್ನು ಆರು ಭಾನುವಾರ ಹತ್ತಿ ಇಳಿದವನು. ನಮ್ಮಲ್ಲಿ ಉಳಿದವರು ಹತ್ತಿದ್ದು ಬಸ್ಸು ಮಾತ್ರ, ಹಾಗಾಗಿ ಅವನೇ ನಾಯಕ. ಅವನ ಬಳಿ ಕಂಪ್ಯೂಟರಿನಲ್ಲಿ ಮಾಡಿದ ಒಂದು ಪಟ್ಟಿಯಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವ ಹೊತ್ತಿನಿಂದ ಹಿಡಿದು ಬಾದಾಮಿಯ ಕೋತಿಗಳಿಗೆ ಸಿಗದಂತೆ ಬಾಳೆಹಣ್ಣು ಎಲ್ಲಿಡಬೇಕು ಎಂಬವರೆಗೆ ಅದರಲ್ಲಿ ಎಲ್ಲವೂ ಇದೆ, ಹೊರಡುವ ದಿನಾಂಕವೊಂದನ್ನು ಬಿಟ್ಟು. ಬಂಡೆದಾರಿಗಳ ಕಷ್ಟವನ್ನು ಐದು, ಆರು ಎ, ಆರು ಬಿ ಎಂದು ಅಳೆಯುತ್ತಾರೆ. ಪಟ್ಟಿ ನೋಡಿದ ಅಮ್ಮ, "ಯಾವ ಶಾಲೆ?" ಎಂದು ಕೇಳಿದಳು.

ದಿನಾಂಕದ ವಿಷಯದಲ್ಲಿ ಅವನೊಬ್ಬನನ್ನೇ ದೂರುವಂತಿಲ್ಲ. ಮಾರ್ಚ್ ಬಂತೆಂದರೆ ಆ ಬಂಡೆ ಕಾವಲಿ. ಮಳೆ ಬಿದ್ದರೆ ಮರಳುಗಲ್ಲು ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ, ಹಿಡಿದದ್ದು ಕೈಗೇ ಬರುತ್ತದೆ. ಚಳಿಗಾಲವೇ ಸರಿ. ಆದರೆ ಚಳಿಗಾಲದಲ್ಲಿ ನಮಗೆ ಅಡಿಕೆ ಕೊಯ್ಲು. ಕೊಯ್ಲು ತುಸು ಸಡಿಲವಾಗುವ ಜನವರಿಯಲ್ಲಿ ಅಲ್ಲಿ ಬನಶಂಕರಿ ಜಾತ್ರೆ, ರೂಮು ಸಿಗುವುದಿಲ್ಲ. ಹೋದ ವರ್ಷ ಹೀಗೇ ಕಳೆಯಿತು.

ಈ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ತಿಂಗಳು ಹಗ್ಗದ ಚರ್ಚೆಗೇ ಹೋಯಿತು. ಅರವತ್ತು ಮೀಟರೋ ಎಪ್ಪತ್ತೋ? ಬಂಡೆಯ ತುದಿಯಲ್ಲಿರುವ ಬಳೆಗೆ ತೂರಿದ ಹಗ್ಗ ಮತ್ತೆ ನೆಲ ಮುಟ್ಟಬೇಕು. ಅಂದರೆ ಮೂವತ್ತು ಮೀಟರ್ ಬಂಡೆಗೆ ಅರವತ್ತು ಮೀಟರ್ ಬೇಕೇ ಬೇಕು. ಇನ್ನೂ ಮೂರು ಮೀಟರ್ ಎತ್ತರವಿದ್ದರೆ? ನಾಯಕ ಎಪ್ಪತ್ತೆಂದ. ನಾನು ಅರವತ್ತು ಸಾಕೆಂದೆ, ಹೊರುವವನು ನಾನಾದ್ದರಿಂದ. ಕಡೆಗೆ ಅವನೇ ಗೆದ್ದ. ಕಾಲು ಕ್ವಿಂಟಲ್ ರಾಶಿ ಅಡಿಕೆಯ ದುಡ್ಡು ಸುರಿದು ಎಪ್ಪತ್ತು ಮೀಟರಿನದನ್ನು ತರಿಸಿದೆವು. ಕೊಯ್ಲಿಗೆಂದು ಊರಿಗೆ ಹೊರಟಾಗ, ಹತ್ತುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ಎಂಟರ ಗಂಟು ಹಾಕುವುದನ್ನು ರೂಢಿ ಮಾಡಿಕೊಳ್ಳೋಣ ಎಂದು ಹಗ್ಗವನ್ನೂ ಒಯ್ದೆ. ಅದೇ ನಾನು ಮಾಡಿದ ತಪ್ಪು.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ತೋಟಕ್ಕೆ ಇಳಿದಾಗ ನನ್ನ ಹಗ್ಗ ಅಡಿಕೆ ಮರದ ಮೇಲಿತ್ತು.

ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಕೊನೆಗೌಡರ ಹಳೆಯ ಹಗ್ಗ ಹರಿದಿತ್ತಂತೆ. ಅಪ್ಪಯ್ಯ ಜಗಲಿಯ ಮೇಲಿದ್ದ ಚೀಲ ಬಿಚ್ಚಿ ಹೊಸದನ್ನು ಕೊಟ್ಟಿದ್ದರು. ಮರದ ಮೇಲಿನವರು ಹಗ್ಗದ ಒಂದು ತುದಿ ಕಟ್ಟಬೇಕು, ಕೆಳಗಿನ ಆಳು ಇನ್ನೊಂದು ತುದಿಯನ್ನು ದೂರದಲ್ಲಿ ಬಿಗಿಯಾಗಿ ಜಗ್ಗಿ ಹಿಡಿಯಬೇಕು, ಕೊಯ್ದ ಕೊನೆ ಅದರ ಮೇಲೆ ಸರ್ರನೆ ಜಾರಿ ಬರಬೇಕು. ಇದು ಪದ್ಧತಿ. ಆದರೆ ಬಂಡೆ ಹತ್ತುವ ಹಗ್ಗ ಇರುವುದೇ ಹಿಗ್ಗಲಿಕ್ಕೆ. ಬಿದ್ದವನ ಸೊಂಟ ಮುರಿಯದಿರಲಿ ಎಂದು ಅದನ್ನು ಹಿಗ್ಗುವಂತೆ ಹೆಣೆದಿರುತ್ತಾರೆ. ಮೊದಲ ಕೊನೆ ಅರ್ಧ ದಾರಿ ಜಾರಿ ಬಸಿಗಾಲುವೆಯ ಮೇಲೆ ನಿಂತಿತು. ನಿಂತದ್ದು ಸುಮ್ಮನೆ ನಿಲ್ಲಲಿಲ್ಲ, ತೊಟ್ಟಿಲ ಮಗುವಿನ ಹಾಗೆ ಮೇಲೆ ಕೆಳಗೆ ತೂಗತೊಡಗಿತು. ಆಳು ಇನ್ನಷ್ಟು ಜಗ್ಗಿದ. ಹಗ್ಗ ಇನ್ನಷ್ಟು ಹಿಗ್ಗಿತು. ಅವನು ಸೋತು ಕೈ ಸಡಿಲಿಸಿದ್ದೇ ತಡ, ಕೊನೆ ನೆಗೆದು ಅಡಿಕೆಯನ್ನೆಲ್ಲ ಅಪ್ಪಯ್ಯನ ತಲೆಯ ಮೇಲೆ ಅಕ್ಷತೆಯಂತೆ ಉದುರಿಸಿತು.

"ಇದು ಹಗ್ಗವೋ, ಚಡ್ಡಿಯ ಇಲಾಸ್ಟಿಕ್ಕೋ?" ಎಂದು ಮೇಲಿನಿಂದ ಕೊನೆಗೌಡರು ಕೇಳಿದರು.

ಹಗ್ಗ ಉದ್ದವಾದದ್ದೇ ಕಾರಣವಿರಬೇಕೆಂದು ಅವರು ಅಷ್ಟರಲ್ಲೇ ತೀರ್ಮಾನಿಸಿಯೂ ಆಗಿತ್ತು. ನಾನು ಕಾಲುಸಂಕ ದಾಟಿ ಓಡುವ ಹೊತ್ತಿಗೆ ಕೆಳಗಿಳಿದು, ಸೊಂಟದ ಕತ್ತಿ ತೆಗೆದು, ಕಚಕ್ಕನೆ ಒಂದು ತುಂಡು ಕತ್ತರಿಸಿಬಿಟ್ಟರು. ನನ್ನ ಬಾಯಿಯಿಂದ ಮಾತೇ ಹೊರಡಲಿಲ್ಲ. ಅಪ್ಪಯ್ಯ ಮಾತ್ರ ತಲೆಯಿಂದ ಅಡಿಕೆ ಕೊಡವುತ್ತ, "ಅರವತ್ತೇ ಸಾಕು ಎಂದು ಫೋನಿನಲ್ಲಿ ಕೂಗಾಡುತ್ತಿದ್ದವನು ನೀನೇ ಅಲ್ಲವೇ? ಈಗ ಅರವತ್ತಾಯಿತು" ಎಂದರು. ತುಂಡು ಕರುವಿಗಾಯಿತು.

ನಾಯಕನಿಗೆ ಫೋನಿನಲ್ಲಿ ತಪ್ಪೊಪ್ಪಿಕೊಂಡೆ. ಬಹಳ ಹೊತ್ತಿನ ಮೌನದ ನಂತರ, "ನಡುವಿನ ಗುರುತು?" ಎಂದ. ಹೌದಲ್ಲ! ಹಗ್ಗದ ಸರಿ ಮಧ್ಯಕ್ಕೆ ಕಪ್ಪು ಗುರುತಿರುತ್ತದೆ. ಒಂದು ತುದಿಯಿಂದ ಹತ್ತು ಮೀಟರ್ ಹೋದ ಮೇಲೆ ಆ ಗುರುತು ಐದು ಮೀಟರ್ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಮೇಲಿನವನನ್ನು ಇಳಿಸಿದರೆ, ಅವನು ನೆಲ ಮುಟ್ಟುವ ಮೊದಲೇ ಹಗ್ಗದ ತುದಿ ಕೆಳಗಿನವನ ಕೈದಾಟಿ ಹೋಗುತ್ತದೆ. ಅದಕ್ಕೇ ತುದಿಗೊಂದು ಗಂಟು ಹಾಕಿಡಬೇಕು ಎಂದು ಅವನು ಕಾಲು ಗಂಟೆ ಪಾಠ ಮಾಡಿದ. ಪಾಠ ಸರಿಯಾಗಿಯೇ ಇತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಸಂಜೆ ಕೊನೆಗೌಡರು ಎಲೆಯಡಿಕೆಯ ಕವಳ ಹಾಕುತ್ತ ಜಗಲಿಯಲ್ಲಿ ಕುಳಿತಿದ್ದರು.

"ಆ ಬಂಡೆಯ ತುದಿಯಲ್ಲಿ ಏನಿದೆ?"

"ಒಂದು ಬಳೆ. ಹಗ್ಗ ತೂರಿಸಿ ಇಳಿಯುವುದು."

"ಕೊನೆ ಇಲ್ಲ?"

"ಇಲ್ಲ."

"ಕೂಲಿ ಯಾರು ಕೊಡುತ್ತಾರೆ?"

"ಖರ್ಚೆಲ್ಲ ನಮ್ಮದೇ."

ಅವರು ಅಪ್ಪಯ್ಯನ ಮುಖ ನೋಡಿದರು. ಅಪ್ಪಯ್ಯ ಅಂಗಳ ನೋಡಿದರು.

ಕೊನೆಗೌಡರು ಅರವತ್ತು ದಾಟಿದ ಮನುಷ್ಯ. ಪಾದಗಳಿಗೆ ಒಂದು ತಳೆ, ಕೂರಲೊಂದು ಮಣೆ, ಅಷ್ಟೇ ಅವರ ಸಲಕರಣೆ. ಅಂದು ಮಧ್ಯಾಹ್ನ ಅವರು ಐವತ್ತು ಅಡಿ ಎತ್ತರದಲ್ಲಿ ಮರವನ್ನು ಬಿಲ್ಲಿನಂತೆ ಬಾಗಿಸಿ, ಕೈ ಚಾಚಿ ಪಕ್ಕದ ಮರಕ್ಕೆ ದಾಟಿದ್ದನ್ನು ನೋಡುತ್ತ ನಿಂತುಬಿಟ್ಟಿದ್ದೆ. ಚಿಕ್ಕವನಿದ್ದಾಗಲೂ ಹೀಗೆಯೇ ಬಾಯಿ ತೆರೆದು ನಿಲ್ಲುತ್ತಿದ್ದೆ. ಒಂದು ದಿನವೂ ಹತ್ತುವುದನ್ನು ಕಲಿಸಿ ಎಂದು ಕೇಳಲಿಲ್ಲ, ಮನೆಯಲ್ಲಿ ಯಾರೂ ಕಲಿ ಎನ್ನಲೂ ಇಲ್ಲ. ಅವರ ಮಗ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿದ್ದಾನೆ. "ಇನ್ನೆರಡು ಕೊಯ್ಲು ಅಷ್ಟೇ, ಆಮೇಲೆ ನೀವು ನೆಲದಿಂದಲೇ ಕೊಯ್ಯುವ ಫೈಬರ್ ದೋಟಿ ತಂದುಕೊಳ್ಳಿ" ಎಂದು ಹೇಳಿ ಎದ್ದು ಹೋದರು.

ರಾತ್ರಿ ನಾಯಕನ ಸಂದೇಶ ಬಂತು. ಪಟ್ಟಿಗೆ ಹೊಸ ಕಲಂ ಸೇರಿಸಿದ್ದಾನಂತೆ. ಹಗ್ಗವನ್ನು ಅಂಗುಲ ಅಂಗುಲವಾಗಿ ಸವರಿ ಗಾಯ ಇದೆಯೇ ನೋಡಬೇಕಂತೆ, ಕತ್ತರಿಸಿದ ತುಂಡಿನ ಉದ್ದವನ್ನು ಕರಾರುವಾಕ್ಕಾಗಿ ತಿಳಿಸಬೇಕಂತೆ, ಆಮೇಲೆ ದಿನಾಂಕವಂತೆ. ಟಾರ್ಚು, ಟೇಪು ಹಿಡಿದು ಕೊಟ್ಟಿಗೆಗೆ ಹೋದೆ. ಒಂಬತ್ತು ಮೀಟರ್ ಮತ್ತು ಚಿಲ್ಲರೆ. ಚಿಲ್ಲರೆ ಕರುವಿನ ಬಾಯಲ್ಲಿತ್ತು.