ಹೊಟ್ಟೆಗೆ ಹಿಟ್ಟಿಲ್ಲದ ಅಕ್ಷರಗಳು

ಅಕ್ಷರಗಳಿರುವುದು ಓದುವುದಕ್ಕೆ ಎಂಬ ಮೂಢನಂಬಿಕೆಯಿಂದ ನಾವು ಅಂತೂ ಹೊರಬಂದಿದ್ದೇವೆ. ಯಾವ ಫಲಕ, ಯಾವ ಆಮಂತ್ರಣ, ಯಾವ ಪೊಟ್ಟಣವನ್ನು ನೋಡಿದರೂ ಒಡಲು ಬರಿದಾಗಿ ಅಂಚಿನ ಗೆರೆಯಲ್ಲಷ್ಟೇ ಜೀವ ಹಿಡಿದುಕೊಂಡು, ತಲೆಗೂ ಪಾದಕ್ಕೂ ಬಳ್ಳಿಸುರುಳಿ ಸುತ್ತಿಕೊಂಡ ‘ವಿಂಟೇಜ್’ ಎಂಬ ಹಳೆಗಾಲದ ಠೀವಿಯ ಅಕ್ಷರಗಳು ಎದುರು ನಿಲ್ಲುತ್ತವೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬುದನ್ನು ನಾವು ಬರಿಯ ಗಾದೆಯೆಂದುಕೊಂಡಿದ್ದೆವು. ಅದು ಫಾಂಟ್ ವಿನ್ಯಾಸದ ಸೂತ್ರವೆಂದು ಈಗ ತಿಳಿಯುತ್ತಿದೆ.

ಹಿಂದಿನವರ ಆಡಂಬರಕ್ಕೆ ಕಾರಣವಾದರೂ ಇತ್ತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಚ್ಚುಮೊಳೆಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ ಮೇಲೆ, ಗೋಡೆಯಗಲದ ಭಿತ್ತಿಪತ್ರಗಳಿಗೆ ಬೇಕಾದ ದೊಡ್ಡ ಅಕ್ಷರಗಳು ಸುಲಭವಾಗಿ ಸಿಗತೊಡಗಿದವು. 1874ರಲ್ಲಿ ಅಮೆರಿಕದ ಮರದಚ್ಚು ತಯಾರಕ ವಿಲಿಯಂ ಪೇಜ್ ಹೊರತಂದ ಬಣ್ಣದ ಮರದಚ್ಚುಗಳ ಮಾದರಿ ಪುಸ್ತಕದಲ್ಲಿ ಒಂದೇ ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಅಚ್ಚುಗಳಿದ್ದವು: ಅಂಚಿಗೊಂದು, ಒಡಲಿಗೊಂದು. ಅಂದರೆ ಆ ಟೊಳ್ಳು ಮತ್ತೊಂದು ಬಣ್ಣ ಬಂದು ಕೂರಲೆಂದು ಕಾದಿರಿಸಿದ ಜಾಗ. ನಮ್ಮವರು ಕಾದಿರಿಸಿದ ಜಾಗವನ್ನಷ್ಟೇ ತಂದಿದ್ದಾರೆ, ಕೂರಬೇಕಾದವರನ್ನು ಮರೆತಿದ್ದಾರೆ.

ಇನ್ನು ಸವಕಳಿಯ ಸಂಗತಿ. ಮರದ ಅಚ್ಚು ಸಾವಿರಾರು ಬಾರಿ ಒತ್ತಿಸಿಕೊಂಡು ಮೂಲೆ ಮುರಿದುಕೊಳ್ಳುತ್ತಿತ್ತು, ಮಸಿ ಎಲ್ಲೋ ಹಿಡಿದು ಎಲ್ಲೋ ಬಿಡುತ್ತಿತ್ತು. ಅದನ್ನು ಮರೆಮಾಚುವುದೇ ಅಂದಿನ ಮುದ್ರಕರಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಇಂದು ಹೋದ ವಾರ ಹುಟ್ಟಿದ ಫಾಂಟಿಗೂ ನೂರೈವತ್ತು ವರ್ಷದ ಗಾಯಗಳನ್ನು ಕಾಳಜಿಯಿಂದ ಕೆತ್ತಿ ಕೊಡುತ್ತಾರೆ. ಒಂದು ಶೀರ್ಷಿಕೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಅದರಲ್ಲಿ ನಾಲ್ಕು ‘ರ’ಗಳಿದ್ದವು, ನಾಲ್ಕಕ್ಕೂ ಬಲಗಡೆಯ ಕೆಳಮೂಲೆಯಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಅದೇ ಚೂರು ಹಾರಿಹೋಗಿತ್ತು. ಕಾಲವೂ ಇಷ್ಟು ಶಿಸ್ತಿನಿಂದ ಕಚ್ಚಿದ್ದು ನನಗೆ ಗೊತ್ತಿಲ್ಲ. (ಮೂರು ಬಗೆಯ ಸವಕಳಿಯನ್ನು ಸರದಿಯ ಮೇಲೆ ಒದಗಿಸುವ ಫಾಂಟುಗಳೂ ಇವೆ. ಅವು ಶ್ರೀಮಂತರಿಗೆ.)

ಫಾಂಟ್ ಕೊಳ್ಳುವ ಗೊಡವೆಯೂ ಬೇಡವೆನ್ನುವವರು ಅಕ್ಷರದ ಅಂಚನ್ನಷ್ಟೇ ಉಳಿಸುವ ತಂತ್ರಾಂಶದ ಔಟ್‌ಲೈನ್ ಗುಂಡಿಯನ್ನೇ ಒತ್ತಿಬಿಡುತ್ತಾರೆ. ಕೂಡುಬರಹದ ಅಕ್ಷರಗಳಾದರೆ ಒಂದರ ಬಾಲ ಇನ್ನೊಂದರ ಹೊಟ್ಟೆಯೊಳಗೆ ಹಾಯ್ದು, ಇಷ್ಟು ದಿನ ಮಸಿ ಮುಚ್ಚಿಟ್ಟಿದ್ದ ಸಂಸಾರದ ಗುಟ್ಟೆಲ್ಲ ಬೀದಿಗೆ ಬರುತ್ತದೆ. ಅದಕ್ಕೂ ‘ಕಲಾತ್ಮಕ’ ಎಂಬ ಹೆಸರಿದೆ.

ಇಂತಹುದೊಂದು ಫಾಂಟಿನ ಜೊತೆಗೆ ಬಂದ ಸೂಚನಾಪತ್ರವನ್ನು ಮೊನ್ನೆ ಭೂತಗನ್ನಡಿ ಹಿಡಿದು ನೋಡಿದೆ. ‘ದೊಡ್ಡ ಗಾತ್ರದಲ್ಲಿ ಮಾತ್ರ ಬಳಸಿ’ ಎಂಬ ಎಚ್ಚರಿಕೆಯನ್ನು ಅದೇ ಅಕ್ಷರಗಳಲ್ಲಿ, ಆರು ಪಾಯಿಂಟಿನಲ್ಲಿ ಅಚ್ಚು ಹಾಕಿದ್ದರು. ಅಷ್ಟು ಚಿಕ್ಕದಾದಾಗ ಎರಡು ಅಂಚುಗಳೂ ಕೂಡಿಕೊಂಡು ಟೊಳ್ಳು ಮುಚ್ಚಿಹೋಗಿದ್ದರಿಂದ, ಪಾಪ, ಆ ಅಕ್ಷರಗಳ ಹೊಟ್ಟೆ ಅಲ್ಲಿ ಮಾತ್ರ ತುಂಬಿತ್ತು.