ಪುಸ್ತಕ ಸುಟ್ಟವರು ಯಾರು: ಸರ್ಕಾರವೋ, ಓದು ಬಿಟ್ಟ ಜನರೋ?

ರೇ ಬ್ರಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’ (1953) ಕಾದಂಬರಿಯ ಅಮೆರಿಕದಲ್ಲಿ ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧ. ಅಗ್ನಿಶಾಮಕ ದಳದವರು ಅಲ್ಲಿ ಬೆಂಕಿ ಆರಿಸುವುದಿಲ್ಲ, ಹಚ್ಚುತ್ತಾರೆ. ಈ ಸ್ಥಿತಿಗೆ ಮೊದಲ ಹೊಣೆ ಜನರದೇ ಎಂಬ ಓದು ಸರಿಯೇ?

ಪರ

ಈ ದಳದಲ್ಲೇ ಇದ್ದು ಗುಟ್ಟಾಗಿ ಪುಸ್ತಕ ಇಟ್ಟುಕೊಂಡ ಕಥಾನಾಯಕ ಮಾಂಟಾಗ್ ಹುಷಾರಿಲ್ಲವೆಂದು ಮಲಗಿದಾಗ ಅವನನ್ನು ನೋಡಲು ಬಂದ ದಳದ ಕ್ಯಾಪ್ಟನ್ ಬೀಟಿ, ಪೈಪ್ ಹಚ್ಚಿಕೊಂಡು ಹೇಳುವ ಚರಿತ್ರೆಯಲ್ಲೇ ಉತ್ತರವಿದೆ. ನಿಷೇಧ ಮೇಲಿನಿಂದ ಇಳಿದು ಬರಲಿಲ್ಲ. ಜನರಿಗೆ ಪುರುಸೊತ್ತು ಕಡಿಮೆಯಾದಂತೆ ಮಹಾಕೃತಿಗಳು ಹದಿನೈದು ನಿಮಿಷದ ರೇಡಿಯೊ ಕಾರ್ಯಕ್ರಮಗಳಾಗಿ, ಮತ್ತೆ ಎರಡು ನಿಮಿಷದಲ್ಲಿ ಓದಿ ಮುಗಿಸುವ ಅಂಕಣಗಳಾಗಿ ಕುಗ್ಗಿದವು. ಯಾವ ಗುಂಪಿನ ಮನಸ್ಸೂ ನೋಯದಿರಲೆಂದು ಉಳಿದುದನ್ನೂ ಸಪ್ಪೆ ಮಾಡಲಾಯಿತು. ಮಾಂಟಾಗ್‌ನ ಹೆಂಡತಿ ಮಿಲ್ಡ್ರೆಡ್‌ಗೆ ಮೂರು ಗೋಡೆ ತುಂಬ ಟಿ.ವಿ. ಇದ್ದರೂ ಸಾಲದು, ಗಂಡನ ವರ್ಷದ ಸಂಬಳದಲ್ಲಿ ಮೂರನೇ ಒಂದು ಭಾಗ ನುಂಗುವ ನಾಲ್ಕನೆಯ ಗೋಡೆಯೂ ಬೇಕು. ಅವಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಪ್ರಮೇಯವೇ ಇಲ್ಲ, ಗಂಡನ ಮೇಲೆ ದೂರು ಕೊಡುವವಳೂ ಅವಳೇ.

ಕಾದಂಬರಿಯ ಹೊರಗೆ ನಡೆದದ್ದೂ ಇದೇ. 1967ರಲ್ಲಿ ಪ್ರಕಾಶಕರಾದ ಬ್ಯಾಲಂಟೈನ್ ಸಂಸ್ಥೆಯವರು ಶಾಲೆಗಳಿಗೆಂದು ಇದೇ ಕೃತಿಗೆ ಕತ್ತರಿ ಹಾಕಿ ಬೈಗುಳಗಳನ್ನೂ ಗರ್ಭಪಾತದ ಪ್ರಸ್ತಾಪವನ್ನೂ ತೆಗೆದರು, ಒಬ್ಬ ಕುಡುಕನನ್ನು ರೋಗಿಯಾಗಿಸಿದರು. ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಲಿಲ್ಲ.

ವಿರೋಧ

ಬೀಟಿಯ ಮಾತನ್ನು ಕಾದಂಬರಿಯ ತೀರ್ಮಾನವೆಂದು ಹಿಡಿಯುವುದರಲ್ಲೇ ಮೇಲಿನ ವಾದ ಎಡವುತ್ತದೆ. ಬೀಟಿ ಸುಡುವ ಇಲಾಖೆಯ ಅಧಿಕಾರಿ. ‘ನೀವೇ ಕೇಳಿದಿರಿ, ನಾವು ಕೊಟ್ಟೆವು’ ಎನ್ನುವುದು ಅಧಿಕಾರದಲ್ಲಿರುವವರ ಹಳೆಯ ರಾಗ. ಆ ಇಲಾಖೆಯ ಚರಿತ್ರೆ ಎಷ್ಟು ನಂಬಲರ್ಹವೆಂಬುದಕ್ಕೆ ದಳದ ನಿಯಮ ಪುಸ್ತಕವೇ ಸಾಕ್ಷಿ: ಇಂಗ್ಲೆಂಡಿನ ಪ್ರಭಾವವಿರುವ ಪುಸ್ತಕಗಳನ್ನು ಸುಡಲು 1790ರಲ್ಲಿ ದಳ ಸ್ಥಾಪನೆಯಾಯಿತು, ಅದರ ಮೊದಲಿಗ ಬೆಂಜಮಿನ್ ಫ್ರಾಂಕ್ಲಿನ್ ಎಂದು ಅದರಲ್ಲಿದೆ. ನಿಜವಾದ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ್ದು ಬೆಂಕಿ ಆರಿಸುವ ಸಂಘವನ್ನು. ಇಷ್ಟು ದೊಡ್ಡ ಸುಳ್ಳನ್ನು ಅಚ್ಚು ಹಾಕಿಸಿ ಸಿಬ್ಬಂದಿಗೆ ಹಂಚಿದ ಇಲಾಖೆಯ ಕ್ಯಾಪ್ಟನ್, ಜನರ ಬಗ್ಗೆ ಮಾತ್ರ ಸತ್ಯ ಹೇಳುತ್ತಾನೆಂದು ನಂಬುವುದು ಹೇಗೆ? (ಕೃತಿ ಸರ್ಕಾರಿ ಸೆನ್ಸಾರ್ ಕುರಿತದ್ದಲ್ಲವೆಂದು ಬ್ರಾಡ್‌ಬರಿ ಅವರೇ ಇಳಿವಯಸ್ಸಿನಲ್ಲಿ ಹೇಳಿದ್ದುಂಟು. ಬರೆದವರ ಮಾತಿಗೆ ಬೆಲೆಯಿದೆ, ಆದರೆ ಬರೆದದ್ದರ ಸಾಕ್ಷ್ಯ ಅದಕ್ಕಿಂತ ದೊಡ್ಡದು.)

ಜನರೇ ಪುಸ್ತಕ ಬಿಟ್ಟುಬಿಟ್ಟಿದ್ದರೆ ಸೀಮೆಎಣ್ಣೆಯ ಪಂಪು, ವಾಸನೆ ಹಿಡಿದು ಕೊಲ್ಲುವ ಯಂತ್ರನಾಯಿ ಇವೆಲ್ಲ ಯಾರಿಗಾಗಿ? ತನ್ನ ಪುಸ್ತಕಗಳ ನಡುವೆಯೇ ನಿಂತು ಕಡ್ಡಿ ಗೀರಿದ ಮುದುಕಿಯಂಥವರು ಇನ್ನೂ ಇದ್ದರೆಂದೇ ಅವು ಬೇಕಾದವು. ನಿವೃತ್ತ ಪ್ರಾಧ್ಯಾಪಕ ಫೇಬರ್, ತಾನೊಬ್ಬನೇ ಬಂದಿದ್ದೇನೆಂದು ಮಾಂಟಾಗ್ ಆಣೆ ಮಾಡಿದ ಮೇಲಷ್ಟೇ ಬಾಗಿಲು ತೆರೆಯುತ್ತಾನೆ. ಓದಿನಲ್ಲಿ ಆಸಕ್ತಿ ಕಳೆದುಕೊಂಡವರಿಗೆ ಈ ಭಯವಿರುವುದಿಲ್ಲ. ಇನ್ನು ಕಾದಂಬರಿ ಹೊರಬಂದ 1953ರಲ್ಲೇ, ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಮೆಕಾರ್ಥಿಯ ಒತ್ತಡಕ್ಕೆ ಮಣಿದು ಅಮೆರಿಕದ ವಿದೇಶಾಂಗ ಇಲಾಖೆ ಹೊರದೇಶಗಳಲ್ಲಿದ್ದ ತನ್ನ ಗ್ರಂಥಾಲಯಗಳಿಂದ ಪುಸ್ತಕಗಳನ್ನು ತೆಗೆಸಿತು. ಪುಸ್ತಕ ಸುಡುವವರ ಜೊತೆ ಸೇರಬೇಡಿ ಎಂದು ಆ ಜೂನ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳಿಗೆ ಹೇಳಿದವರು ಸ್ವತಃ ಅಧ್ಯಕ್ಷ ಐಸೆನ್‌ಹೋವರ್. ಆ ಗ್ರಂಥಾಲಯಗಳ ಕಪಾಟು ಬರಿದು ಮಾಡಿದವರು ಓದಲು ಪುರುಸೊತ್ತಿಲ್ಲದ ಟಿ.ವಿ. ಪ್ರೇಕ್ಷಕರಲ್ಲ.